ಗಿರಿಜಾ ಕಟ್ಟಿದ ದುಪಟ್ಟಾ

ಕಡಲಾಚೆಯ ಮಾರ್ಕಮ್ ಪಟ್ಟಣದ ಕನ್ನಡದ ಮನೆಗಳಲ್ಲಿ ಯಾರಿಗಾದರೂ ಮೈ ಬಿಸಿಯಾದರೆ, ಬೆನ್ನು ಹಿಡಿದುಕೊಂಡರೆ, ಕೂಸು ಕುಡಿದ ಹಾಲು ಕಕ್ಕಿದರೆ, ಡಾಕ್ಟರಿಗಿಂತ ಮೊದಲು ಫೋನು ಹೋಗುವುದು ಗಿರಿಜಾಗೆ. ಆಕೆ ಡಾಕ್ಟರಲ್ಲ, ನರ್ಸೂ ಅಲ್ಲ. ವಯಸ್ಸಾದವರ ಒಂದು ಕೇರ್ ಹೋಮಿನಲ್ಲಿ ಹನ್ನೊಂದು ವರ್ಷದಿಂದ ಆರೈಕೆಯ ಕೆಲಸ. ಅಂದರೆ ಮೈ ತೊಳೆಸುವುದು, ಮಗ್ಗುಲು ಬದಲಿಸುವುದು, ಉಣ್ಣಿಸುವುದು, ನಡುನಡುವೆ ಅವರಿಂದ ಬೈಸಿಕೊಳ್ಳುವುದು. ಆದರೆ ಆಕೆ ಮಾತಾಡುವ ಧಾಟಿ ಕೇಳಿದರೆ ದೊಡ್ಡ ಸರ್ಜನ್ನೂ ಕುರ್ಚಿಯಲ್ಲಿ ನೆಟ್ಟಗಾಗಬೇಕು. "ಅದಕ್ಯಾಕ ಅಷ್ಟು ಹೆದರತೀರಿ, ನಾ ಹೇಳಿದಂಗ ಮಾಡ್ರಿ" ಎಂದು ಶುರು ಮಾಡಿದಳೆಂದರೆ ಎದುರಿನವರ ಅರ್ಧ ಕಾಯಿಲೆ ಅಲ್ಲೇ ವಾಸಿ.

ಹುಟ್ಟಿದ್ದು ನವಲಗುಂದದ ಹತ್ತಿರದ ಹಳ್ಳಿಯಲ್ಲಿ, ಬಿ.ಎ. ಓದಿದ್ದು ಧಾರವಾಡದಲ್ಲಿ, ಮದುವೆಯಾದದ್ದು ಮೈಸೂರಿನ ಮಧುಸೂದನನನ್ನು. ಅವನು ಸಾಫ್ಟ್‌ವೇರ್ ಕಂಪನಿಯವನು, ಮೆತ್ತಗಿನ ಮನುಷ್ಯ. ಹೆಂಡತಿ ಒಂದು ಮಾತು ಹೇಳಿದ ಮೇಲೆ ಅದರ ಮೇಲೆ ಇನ್ನೊಂದಿಲ್ಲ ಎಂದು ಮದುವೆಯಾದ ಎರಡನೇ ವಾರದಲ್ಲೇ ತಿಳಿದುಕೊಂಡಿದ್ದ. ಮಗಳು ಶರ್ವಾಣಿಗೆ ಹದಿನಾಲ್ಕು. ತಾಯಿ ಕನ್ನಡದಲ್ಲಿ ಬೈದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಕಾಲ. ನಾಲ್ಕನೆಯದು ಪೇಡಾ. ಧಾರವಾಡದ ಪೇಡೆಯದೇ ಬಣ್ಣ, ಐದು ವರ್ಷದ ಗಂಡುನಾಯಿ. ಮನೆಯಲ್ಲಿ ನಾಯಿ ಬೇಡವೇ ಬೇಡ ಎಂದು ಮೂರು ತಿಂಗಳು ಹಟ ಹಿಡಿದವಳು ಗಿರಿಜಾ. ಈಗ ಅದಕ್ಕೆ ಮೊಸರನ್ನ ಕಲಸಿಡದೆ ತಾನು ಉಣ್ಣಲು ಕೂರದವಳೂ ಅವಳೇ.

ಆಗಸ್ಟಿನ ಲಾಂಗ್ ವೀಕೆಂಡಿಗೆ ಎಲ್ಲರೂ ಜಾರ್ಜಿಯನ್ ಬೇ ಸರೋವರದ ದಂಡೆಯ ಒಂದು ಕಾಟೇಜಿಗೆ ಹೋಗಿದ್ದರು. ಎರಡನೇ ದಿನ ಬೆಳಿಗ್ಗೆ, ಮಧುಸೂದನ್ ಕಾಫಿ ಲೋಟ ಹಿಡಿದು ನೀರು ನೋಡುತ್ತಾ ನಿಂತಿದ್ದಾಗ, ಬಂಡೆಯ ಪಕ್ಕದ ಪೊದೆಯಲ್ಲಿ ಒಣಕಾಯಿ ಅಲುಗಿಸಿದಂಥ ಸದ್ದು ಬಂತು. ಬಾಲದಲ್ಲಿ ಗಿಲಕಿ ಇರುವ ಹಾವು. ಪೇಡಾ ಅದೇನೆಂದು ನೋಡಲು ಮುಂಗಾಲು ಚಾಚಿತ್ತು. ಒಂದೇ ಕೂಗು ಹಾಕಿತು, ಮೂರು ಕಾಲಿನಲ್ಲಿ ಕುಂಟುತ್ತಾ ಬಂದು ಗಿರಿಜಾಳ ಹತ್ತಿರ ಬಿತ್ತು. ಪಾದದಲ್ಲಿ ಎರಡು ರಕ್ತದ ಚುಕ್ಕೆ.

ಶರ್ವಾಣಿ ಅಳತೊಡಗಿದಳು. ಮಧುಸೂದನನ ಕೈಯ ಲೋಟ ಕೈಯಲ್ಲೇ ಉಳಿಯಿತು. ಗಿರಿಜಾ ಮಾತ್ರ ಒಂದು ಕ್ಷಣವೂ ದಂಡ ಮಾಡಲಿಲ್ಲ. ಹೆಗಲ ಮೇಲಿನ ಹತ್ತಿ ದುಪಟ್ಟಾ ಎಳೆದು, ಕಚ್ಚಿದ ಜಾಗದಿಂದ ನಾಲ್ಕು ಬೆರಳು ಮೇಲೆ ಎರಡು ಸುತ್ತು ಸುತ್ತಿ, ಹಲ್ಲು ಕಚ್ಚಿ ಬಿಗಿದಳು. ಅವಳ ಊರಿನಲ್ಲಿ ಹಾವು ಕಚ್ಚಿದರೆ ಮೊದಲು ಮಾಡುವುದೇ ಅದು: ಮೇಲೆ ಕಟ್ಟು, ವಿಷ ಏರಬಾರದು. "ರೀ, ನೋಡಕೋತ ನಿಂದರಬ್ಯಾಡ್ರಿ, ಗಾಡಿ ತಗೀರಿ" ಅಂದಳು.

ವಿಷಕ್ಕೆ ಮದ್ದು ಇಟ್ಟಿದ್ದ ಪ್ರಾಣಿಗಳ ಆಸ್ಪತ್ರೆ ಒಂದೂವರೆ ಗಂಟೆ ದೂರ. ದಾರಿಯುದ್ದಕ್ಕೂ ಪೇಡಾನನ್ನು ತೊಡೆಯ ಮೇಲಿಟ್ಟುಕೊಂಡು, ಮಾತಾಡಿಸುತ್ತಾ, ಗಂಟು ಸಡಿಲಾಗದಂತೆ ನೋಡಿಕೊಂಡಳು. ಪಾರ್ಕಿಂಗ್ ಲಾಟಿನಲ್ಲಿ ಇಳಿಯುವ ಮೊದಲು ಗಂಟು ಬಿಚ್ಚಿ ದುಪಟ್ಟಾವನ್ನು ಚೀಲಕ್ಕೆ ತುರುಕಿದಳು. ಅದು ಕೈಯ ಅಭ್ಯಾಸ. ಕೇರ್ ಹೋಮಿನಲ್ಲಿ ಯಾರ ಕೈಕಾಲಿಗೂ ಏನನ್ನೂ ಕಟ್ಟುವ ಹಾಗಿಲ್ಲ, ಕಟ್ಟಿದವರ ಕೆಲಸ ಹೋಗುತ್ತದೆ. ಬಾಗಿಲಾಚೆ ಡಾಕ್ಟರಿದ್ದಾರೆ ಅನ್ನಿಸಿದ ಕೂಡಲೇ ಕೈ ತಾನಾಗಿ ಬಿಚ್ಚಿತು. ಒಳಗೆ ಯಾರೂ ಕೇಳಲಿಲ್ಲ, ಇವಳೂ ಹೇಳಲಿಲ್ಲ. ಚುಚ್ಚುಮದ್ದಾಯಿತು, ಎರಡು ದಿನ ಅಲ್ಲೇ ಇಟ್ಟುಕೊಂಡರು, ಮೂರನೇ ದಿನ ಪೇಡಾ ಬಾಲ ಅಲ್ಲಾಡಿಸಿತು.

ಮಾರ್ಕಮ್ಮಿಗೆ ಮರಳಿದ ಮೇಲೆ ಗಿರಿಜಾಳ ಫೋನು ಬಿಡುವು ಕಾಣಲಿಲ್ಲ. "ನಾ ಕಟ್ಟಿದ್ದಕ್ಕಽ ಉಳೀತು ನೋಡ್ರಿ. ಇಲ್ಲಂದ್ರ ದಾರ್ಯಾಗ ಹೋಗತಿತ್ತು" ಎಂದು ಹನ್ನೆರಡು ಮನೆಗಳಿಗೆ ಹೇಳಿದಳು. ಪ್ರತಿ ಸಲ ಹೇಳಿದಾಗಲೂ ಗಂಟು ಇನ್ನಷ್ಟು ಬಿಗಿಯಾಗುತ್ತಿತ್ತು, ಹಾವು ಒಂದು ಗೇಣು ಉದ್ದವಾಗುತ್ತಿತ್ತು. ಮಧುಸೂದನ್ ಪಕ್ಕದಲ್ಲಿ ಕೂತು ಮುಗುಳ್ನಗುತ್ತಿದ್ದ. ಆದರೆ ಗಿರಿಜಾಗೆ ನಿಜವಾಗಿ ಹಿತವಾದದ್ದು ಮಗಳ ಮಾತು. ಅಮ್ಮ ಮುದುಕರ ಮೈ ತೊಳೆಸುತ್ತಾಳೆ ಎಂದು ಗೆಳತಿಯರ ಮುಂದೆ ಹೇಳಲು ನಾಚುತ್ತಿದ್ದ ಹುಡುಗಿ, ಈಗ ಫೋನಿನಲ್ಲಿ "ಮೈ ಮಾಮ್ ಸೇವ್ಡ್ ಹಿಮ್" ಎನ್ನುವುದು ಅಡುಗೆಮನೆಗೂ ಕೇಳಿಸಿತು. ಅವತ್ತು ಗಿರಿಜಾ ಒಲೆಯ ಮುಂದೆ ನಿಂತೇ ಕಣ್ಣು ಒರೆಸಿಕೊಂಡಳು.

ಪಾದದ ಊತ ಇಳಿಯಿತು. ಆದರೆ ಪೇಡಾ ಕಾಲು ಊರಲಿಲ್ಲ. ಒಂಬತ್ತನೇ ದಿನ ಕಾಲಿನಿಂದ ಕೆಟ್ಟ ವಾಸನೆ ಬಂತು. ಗಿರಿಜಾಗೆ ಆ ವಾಸನೆ ಗೊತ್ತು. ಮಗ್ಗುಲು ಬದಲಿಸದೆ ಬಿಟ್ಟವರ ಹಾಸಿಗೆ ಹುಣ್ಣಿನದು ಅದೇ ವಾಸನೆ. ಮರುದಿನ ಬೆಳಿಗ್ಗೆ ಮೂವರೂ ಪೇಡಾನನ್ನು ಊರಿನ ಪ್ರಾಣಿಗಳ ಕ್ಲಿನಿಕ್ಕಿಗೆ ಹೊತ್ತುಕೊಂಡು ಹೋದರು.

ಡಾಕ್ಟರಮ್ಮ ಕಾಲಿನ ಮುಂಭಾಗದ ಕೂದಲು ಬೋಳಿಸಿದಳು. ಒಳಬದಿ ಮುಟ್ಟಲು ಪೇಡಾ ಬಿಡಲಿಲ್ಲ. ಪಾದಕ್ಕಿಂತ ನಾಲ್ಕು ಬೆರಳು ಮೇಲೆ ಚರ್ಮ ಕಪ್ಪಾಗಿ ಸತ್ತಿತ್ತು, ಅಂಚಿನಲ್ಲಿ ಕೀವು. "ಪಾದ ವಾಸಿಯಾಗ್ತಿದೆ, ಆದರೆ ವಿಷದ ಹಾನಿ ಮೇಲೆ ಏರ್ತಾ ಇದೆ" ಅಂದಳು ಆಕೆ. "ಹೀಗೇ ಏರಿದರೆ ನಾಯಿಯೇ ಉಳಿಯೋದಿಲ್ಲ. ಗುರುವಾರ ಕಾಲು ತೆಗೆಯೋದು ಒಳ್ಳೇದು. ಮೂರು ಕಾಲಿನಲ್ಲೂ ನಾಯಿಗಳು ಚೆನ್ನಾಗಿ ಬದುಕುತ್ತವೆ."

ಶರ್ವಾಣಿ ಪೇಡಾನ ಕುತ್ತಿಗೆಗೆ ಮುಖ ಒತ್ತಿದಳು. ಮಧುಸೂದನ್ ಸಹಿ ಹಾಕಲು ಪೆನ್ನು ತೆಗೆದುಕೊಂಡ. ಗಿರಿಜಾ ಆ ಕಪ್ಪು ಪಟ್ಟಿಯನ್ನೇ ನೋಡುತ್ತಿದ್ದಳು. ನಾಲ್ಕು ಬೆರಳು ಮೇಲೆ. ಎರಡು ಬೆರಳು ಅಗಲ. ವಿಷ ಏರಿದ್ದಲ್ಲ ಇದು. ಇದು ದುಪಟ್ಟಾ.

ಹೇಳದೆ ಇರಬಹುದಿತ್ತು. ಬೈಗುಳ ಹಾವಿಗೇ ಇರುತ್ತಿತ್ತು, ಹನ್ನೆರಡು ಮನೆಗಳ ಹೊಗಳಿಕೆಯೂ ಇರುತ್ತಿತ್ತು, ಮಗಳ ಆ ಮಾತೂ ಇರುತ್ತಿತ್ತು. ಪೇಡಾನ ಕಾಲೊಂದು ಇರುತ್ತಿರಲಿಲ್ಲ. ನಾಚಿಕೆಯಿಂದ ಗಿರಿಜಾಳ ಕಿವಿ ಬಿಸಿಯಾದವು. ಕೇರ್ ಹೋಮಿನಲ್ಲಿ ಯಾರದೇ ಕೈತಪ್ಪಾದರೂ ಶಿಫ್ಟು ಮುಗಿಯುವುದರೊಳಗೆ ಅವರೇ ಬರೆದು ಕೊಡಬೇಕು: ಏನಾಯಿತು, ಎಷ್ಟು ಹೊತ್ತಿಗೆ, ಯಾರ ಕೈಯಿಂದ. ಹೊಸದಾಗಿ ಬಂದವರು ಬರೆಯಲು ಹೆದರಿದರೆ ಪಕ್ಕದಲ್ಲಿ ಕೂತು ಬರೆಸುವವಳು ಗಿರಿಜಾ. ಈಗ ತನ್ನದು ಬರೆಯುವುದಿತ್ತು.

"ರೀ, ಪೆನ್ನು ಕೆಳಗಿಡ್ರಿ" ಅಂದಳು. ಆಮೇಲೆ ಡಾಕ್ಟರಮ್ಮನ ಕಡೆ ತಿರುಗಿ, ರಿಪೋರ್ಟು ಓದುವವಳ ಹಾಗೆ ಇಂಗ್ಲಿಷಿನಲ್ಲಿ ಹೇಳಿದಳು: "ಹಾವು ಕಚ್ಚಿದ್ದು ಬೆಳಿಗ್ಗೆ ಎಂಟು ಹತ್ತಕ್ಕೆ. ತಕ್ಷಣ ಈ ಜಾಗದಲ್ಲಿ ನಾನು ಬಟ್ಟೆ ಕಟ್ಟಿದೆ. ಎರಡು ಸುತ್ತು, ಎರಡು ಗಂಟು, ನನ್ನ ಶಕ್ತಿ ಇದ್ದಷ್ಟು ಬಿಗಿಯಾಗಿ. ಬಿಚ್ಚಿದ್ದು ಒಂಬತ್ತೂ ಮುಕ್ಕಾಲಿಗೆ. ಯಾವ ಡಾಕ್ಟರಿಗೂ ಹೇಳಿಲ್ಲ. ತಪ್ಪು ನನ್ನದು."

ಶರ್ವಾಣಿ ತಲೆ ಎತ್ತಿ ತಾಯಿಯನ್ನು ನೋಡಿದಳು. ಡಾಕ್ಟರಮ್ಮ ಪೇಡಾಗೆ ನಿದ್ದೆಯ ಮದ್ದು ಕೊಟ್ಟು ಕಾಲಿನ ಒಳಬದಿಯನ್ನೂ ಬೋಳಿಸಿದಳು. ಕಪ್ಪು ಪಟ್ಟಿ ಕಾಲಿನ ಸುತ್ತಲೂ ಒಂದೇ ಅಗಲಕ್ಕಿತ್ತು, ಒಳಬದಿಯಲ್ಲಿ ಗಂಟಿನ ಗುರುತು ಬೇರೆ. ಅದರ ಮೇಲಿನ ಚರ್ಮ ಒತ್ತಿ ನೋಡಿದಳು. ಬೆಚ್ಚಗೆ, ಮೆತ್ತಗೆ, ಸರಿಯಾಗಿತ್ತು. "ಕಟ್ಟಬಾರದಿತ್ತು" ಅಂದಳು. "ವಿಷ ಒಂದೇ ಕಡೆ ನಿಲ್ಲುತ್ತೆ, ರಕ್ತವೂ ನಿಲ್ಲುತ್ತೆ. ಆದರೆ ಹೇಳಿದ್ದು ಒಳ್ಳೇದಾಯ್ತು. ಇದು ಏರ್ತಾ ಇಲ್ಲ. ಸತ್ತ ಚರ್ಮ ತೆಗೆದು ದಿನಾ ಪಟ್ಟಿ ಬದಲಿಸಬೇಕು, ತಿಂಗಳಾದರೂ ಬೇಕು. ಮಾಡ್ತೀರಾ?"

"ಅದು ನನ್ನ ಕೆಲಸಾನೇ" ಅಂದಳು ಗಿರಿಜಾ. ಗುರುವಾರದ ಆಪರೇಷನ್ ರದ್ದಾಯಿತು.

ಕಾರಿನಲ್ಲಿ ಶರ್ವಾಣಿ ಕಿಟಕಿಯ ಹೊರಗೆ ನೋಡುತ್ತಾ ಕೂತಳು. ಅರ್ಧ ದಾರಿಗೆ ಬಂದ ಮೇಲೆ, "ಯೂ ಟೋಲ್ಡ್ ಎವರಿಬಡಿ, ಅಮ್ಮಾ" ಅಂದಳು.

"ಹೌದು. ಈಗ ಎಲ್ಲಾರಿಗೂ ಮತ್ತ ಹೇಳೂದೈತಿ."

"ಅದೆಲ್ಲ ಯಾಕೆ ಗಿರಿಜಾ, ಬಿಟ್ಬಿಡು" ಅಂದ ಮಧುಸೂದನ್. "ನಾಯಿ ಉಳೀತಲ್ಲ."

"ನಾಳೆ ಯಾರರ ನನ್ನ ಮಾತು ಕೇಳಿ ತಮ್ಮ ಕೂಸಿನ ಕಾಲು ಕಟ್ಟಿದ್ರ?" ಎಂದಳು ಗಿರಿಜಾ.

ಶರ್ವಾಣಿ ನಾಲ್ಕು ದಿನ ತಾಯಿಯ ಮಾತಿಗೆ ಹಾಂ, ಹೂಂ ಅಷ್ಟೇ ಅಂದಳು. ಗಿರಿಜಾಗೆ ಅದು ನೋಯಿತು, ಆದರೆ ಮಗಳ ಬಾಯಿ ಬಿಡಿಸಲು ಹೋಗಲಿಲ್ಲ. ಪೇಡಾನ ಕಾಲು ತೊಳೆದಳು, ಮುಲಾಮು ಹಚ್ಚಿದಳು, ಪಟ್ಟಿ ಸುತ್ತಿದಳು. ಐದನೇ ದಿನ ಶರ್ವಾಣಿ ತಾನಾಗಿ ಬಂದು ಪೇಡಾನ ತಲೆ ಹಿಡಿದು ಕೂತಳು. ಎರಡು ವಾರದಲ್ಲಿ ಅಂಚಿನಿಂದ ಗುಲಾಬಿ ಚರ್ಮ ಮೂಡತೊಡಗಿತು. ಮೂರನೇ ವಾರ ಪೇಡಾ ಕಾಲನ್ನು ನೆಲಕ್ಕೆ ತಾಗಿಸಿ, ಎತ್ತಿ, ಮತ್ತೆ ತಾಗಿಸಿ, ಆಮೇಲೆ ಊರಿಯೇ ನಿಂತಿತು. ತಾಯಿ ಮಗಳು ಇಬ್ಬರೂ ನೆಲದ ಮೇಲೆ ಕೂತಲ್ಲೇ ಒಬ್ಬರನ್ನೊಬ್ಬರು ತಬ್ಬಿಕೊಂಡರು.

ಫೋನಿನ ಕೆಲಸ ಕ್ಲಿನಿಕ್ಕಿನಿಂದ ಬಂದ ಮೊದಲ ವಾರವೇ ನಡೆದಿತ್ತು. ಗಿರಿಜಾ ಪಟ್ಟಿ ಸುತ್ತುತ್ತಾ ಸ್ಪೀಕರಿಗೆ ಹಾಕಿ ದಿನಕ್ಕೆರಡು ಮನೆ ಮುಗಿಸಿದಳು. "ನಾ ಅವತ್ತು ಹೇಳಿದ್ದು ತಪ್ಪು. ಕಟ್ಟಬಾರದು. ಅಲುಗಾಡಸದಂಗ ಮಲಗಿಸಿ ದವಾಖಾನಿಗೆ ಒಯ್ಯಬೇಕು, ಅಷ್ಟ." ಕೆಲವರು ನಕ್ಕರು, ಒಬ್ಬರು ಅವಳನ್ನೇ ಸಮಾಧಾನ ಮಾಡಿದರು, ಇನ್ನೊಬ್ಬರು ಇದೇ ಫೋನಿನಲ್ಲಿ ಮಂಡಿನೋವಿಗೇನು ಮಾಡಲಿ ಎಂದು ಕೇಳಿದರು. ಅವಳ ಹೆಸರಿಗೆ ಹೆಚ್ಚೇನೂ ಧಕ್ಕೆಯಾಗಲಿಲ್ಲ.

ಕೊನೆಯ ಫೋನು ಶಾರದವ್ವನಿಗೆ. ಥಾರ್ನ್‌ಕ್ಲಿಫ್ ಪಾರ್ಕ್ ಬಡಾವಣೆಯ ಒಂದು ಕಟ್ಟಡದ ಒಂಬತ್ತನೇ ಮಹಡಿಯಲ್ಲಿ ಮಗ ಸತೀಶನ ಜೊತೆ ಇರುವ ಗದಗಿನ ಕಡೆಯ ಮುದುಕಿ. ಗಿರಿಜಾ ಹೇಳಿ ಮುಗಿಸಿದಾಗ ಆ ಕಡೆ ಶಾರದವ್ವ ಟೀವಿ ಆರಿಸಿದ್ದು ಕೇಳಿಸಿತು.

"ಕೇಳ್ಸಾಕತ್ತೈತೇನ್ರಿ ಅವ್ವಾ?"

"ಕೇಳ್ಸೈತಿ" ಅಂದಳು ಶಾರದವ್ವ. "ನಮ್ಮ ಸತೀಶಗ ಒಂಬತ್ತು ವರ್ಷ ಇದ್ದಾಗ ಬಣವ್ಯಾಗ ಹಾವು ಕಡೀತು, ಕೈಗೆ. ನಾನ ಸೀರಿ ಸೆರಗು ಹರದು ಬೆರಳಿನ ಬುಡಕ್ಕ ಬಿಗದೆ. ದವಾಖಾನಿಗೆ ಒಯ್ಯೂದರಾಗ ಸಂಜಿ ಆತು. ಹುಡುಗ ಉಳದ. ಎರಡು ಬೆರಳು ತಗದರು. ಊರ ಮಂದಿಯೆಲ್ಲ ಅವ್ವನ ಜಾಣತನಾನ ಉಳಿಸ್ತು ಅಂದರು. ಅಂವನೂ ಹಂಗ ಅಂತಾನ ಇವತ್ತಿಗೂ."

ಗಿರಿಜಾಳ ಕೈ ಪೇಡಾನ ಕಾಲಿನ ಮೇಲೆ ನಿಂತಿತು. "ವಿಷಕ್ಕೂ ಹೋಗಿರಬಹುದು ಅವ್ವಾ, ಕಟ್ಟಿದ್ದಕ್ಕೂ ಹೋಗಿರಬಹುದು. ಈಗ ಯಾರಿಗೂ ಗೊತ್ತಾಗೂದಿಲ್ಲ."

"ನನಗ ಒಳಗ ಗೊತ್ತಿತ್ತು ಬಿಡು. ಬಿಚ್ಚಿದಾಗ ಬೆರಳು ನೋಡಿದ್ದೆ ನಾನು." ಮುದುಕಿಯ ದನಿ ಸಣ್ಣಗಾಯಿತು. "ಮೂವತ್ತೆರಡು ವರ್ಷ ಆತು. ನಿನಗ ಹೇಳಾಕ ಡಾಕ್ಟರರ ಇದ್ಲು. ನಾ ಯಾರ ಮುಂದ ಹೇಳ್ಲಿ?"

"ಸತೀಶ ಮನಿಗೆ ಎಷ್ಟಕ್ಕ ಬರ್ತಾನ?"

"ಐದಕ್ಕ."

"ನಾ ನಾಕೂವರಿಗೆ ಅಲ್ಲಿರ್ತೀನಿ. ಹೇಳೂದು ನೀವು, ನಾ ಬಾಜೂಕ ಕುಂದರ್ತೀನಿ."

"ಅಂವ ಏನರ ಅಂದ್ರ?"

"ಅನ್ಲಿ ಅವ್ವಾ" ಅಂದಳು ಗಿರಿಜಾ, ಪಟ್ಟಿಯ ತುದಿ ಅಂಟಿಸಿ ಮೇಲೆದ್ದು. "ಬೆರಳು ಅವನವು."