ಮಣಿಯ ಗೊರಕೆ

ಪೆಟಾಲಿಂಗ್ ಜಯಾದಿಂದ ಬರುವ ರೈಲಿನಲ್ಲಿ ಮೊನ್ನೆ ಎದುರು ಸೀಟಿನ ಆಸಾಮಿಯೊಬ್ಬ ಗೊರಕೆ ಹೊಡೆಯುತ್ತಿದ್ದ. ಟೈ ಕಟ್ಟಿದ್ದ, ತೊಡೆಯ ಮೇಲೆ ಲ್ಯಾಪ್‌ಟಾಪ್ ಚೀಲ. ನಾನು ಎದ್ದು ಹೋಗಿ ಅವನ ಭುಜ ಹಿಡಿದು ಅಲುಗಾಡಿಸಿದೆ. ನಿಮಗೆ ನಗು ಬರಬಹುದು. ನನ್ನ ಹೆಂಡತಿಗೆ ನಗು ಬರುವುದಿಲ್ಲ; ಅವಳ ನಿದ್ದೆಯನ್ನೂ ನಾನು ಹೀಗೇ ಕೆಡಿಸುತ್ತೇನೆ.

ಮೊದಲು ಹೀಗಿರಲಿಲ್ಲ. ಮಲಗಿದವರನ್ನು ದಾಟಬಾರದು, ಎಬ್ಬಿಸಬಾರದು ಎಂದು ಅಜ್ಜಿ ಕಲಿಸಿದ್ದಳು. ಅವಳು ಕಲಿಸಿದ ಉಳಿದದ್ದೆಲ್ಲ ಊರು ಬಿಟ್ಟು ಈ ದೇಶಕ್ಕೆ ವಿಮಾನ ಹತ್ತುವಾಗಲೇ ಉದುರಿಹೋಗಿತ್ತು, ಇದೊಂದು ಉಳಿದಿತ್ತು.

ಬ್ರಿಕ್‌ಫೀಲ್ಡ್ಸ್‌ನ ನಮ್ಮ ಕಟ್ಟಡದ ಕೆಳಗೆ ಮಣಿ ಮಲ್ಲಿಗೆ ಕಟ್ಟಿ ಮಾರುತ್ತಿದ್ದ. ತಮಿಳಿನವನು; ಕನ್ನಡದವರ ಮನೆಗಳಿಗೆ ಹೂ ಕೊಟ್ಟು ಕೊಟ್ಟು ಅರ್ಧ ಕನ್ನಡ ಕಲಿತಿದ್ದ. ಡ್ರಗ್ಸ್ ಚಟವಿತ್ತು, ಎಲ್ಲರಿಗೂ ಗೊತ್ತಿತ್ತು. ಆದರೆ ಅವನಷ್ಟು ಒತ್ತಾಗಿ ಹೂ ಕಟ್ಟುವವರು ಬೇರೆ ಇರಲಿಲ್ಲ.

ಮೂರನೇ ಮಹಡಿಯ ಸರೋಜಕ್ಕ ಮಂಗಳೂರಿನವರು, ನಿವೃತ್ತ ನರ್ಸ್. ಕೆಳಗಿನ ಖಾಲಿ ಮಳಿಗೆಯಲ್ಲಿ ಇಂಥವರಿಗೊಂದು ಕೋಣೆ ಮಾಡಲು ಮಾಲೀಕರ ಅನುಮತಿ ಕೇಳೋಣ ಎಂದು ನಿವಾಸಿಗಳ ಸಭೆಯಲ್ಲಿ ಎದ್ದು ನಿಂತರು.

"ಅವರು ಹೇಗೂ ತಗೊಳ್ತಾರೆ ಮಾರಾಯ್ರೆ. ಮೆಟ್ಟಿಲ ಮೇಲೆ ಒಬ್ಬರೇ ಕೂತು ತಗೊಳ್ಳುವ ಬದಲು ನನ್ನ ಕಣ್ಣೆದುರು ತಗೊಳ್ಳಲಿ. ಉಸಿರು ಕಟ್ಟಿದರೆ ಮದ್ದುಂಟು, ನಾನಿದ್ದೇನೆ. ಬದುಕಿದ್ರೆ ಅಲ್ವಾ ಚಟ ಬಿಡುವುದು?"

ನಾನು ಸಂಘದ ಕಾರ್ಯದರ್ಶಿ. ಅರ್ಜಿ ಬರೆಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಹಮ್ಮು ಬೇರೆ. ಮಕ್ಕಳು ಓಡಾಡುವ ಜಾಗ, ಹತ್ತಿರವೇ ದೇವಸ್ಥಾನ ಎಂದೆಲ್ಲ ಸೇರಿಸಿ ಎರಡು ಪುಟದ ವಿರೋಧ ಪತ್ರ ಬರೆದೆ. ಎಲ್ಲರೂ ಸಹಿ ಹಾಕಿದರು. ಅದನ್ನೋದಿ ಮಾಲೀಕರು ಮಳಿಗೆ ಕೊಡುವುದಿಲ್ಲ ಎಂದುಬಿಟ್ಟರು.

"ಸಾರ್, ಆ ರೂಮು ಬರುತ್ತಾ?" ಹೂವಿನ ಪೊಟ್ಟಣ ಕೊಡುತ್ತಾ ಮಣಿ ಕೇಳಿದ್ದ.

"ಮೊದಲು ನೀನು ಅದನ್ನ ಬಿಡಪ್ಪ," ಎಂದೆ.

"ಬಿಡ್ತೀನಿ ಸಾರ್. ಅಲ್ಲೀವರೆಗೂ ಇರಬೇಕಲ್ಲ ಲಾ," ಎಂದು ಇಲ್ಲಿಯವರಂತೆ ಮಾತಿನ ಬಾಲಕ್ಕೊಂದು ‘ಲಾ’ ಸೇರಿಸಿ ನಕ್ಕ.

ಕೆಲವು ವಾರಗಳ ನಂತರ ಒಂದು ಮಧ್ಯಾಹ್ನ ಹೋಟೆಲಿನಿಂದ ಊಟವನ್ನು ತಪಾವ್, ಅಂದರೆ ಪಾರ್ಸೆಲ್, ಕಟ್ಟಿಸಿಕೊಂಡು ಹಿಂದಿನ ಮೆಟ್ಟಿಲು ಹತ್ತುತ್ತಿದ್ದೆ. ಮಣಿ ಅಡ್ಡಲಾಗಿ ಬಿದ್ದುಕೊಂಡು ಗೊರಕೆ ಹೊಡೆಯುತ್ತಿದ್ದ. ನಾನು ಅಜ್ಜಿಯ ಮೊಮ್ಮಗ, ದಾಟಲಿಲ್ಲ. ಇಳಿದು, ಕಟ್ಟಡ ಸುತ್ತಿ, ಮುಂದಿನ ಮೆಟ್ಟಿಲಿನಿಂದ ಹೋದೆ. ಪಾಪ, ಬೆಳಗಿನಿಂದ ಹೂ ಕಟ್ಟಿದ್ದಾನೆ, ಮಲಗಲಿ ಎಂದುಕೊಂಡೆ. ಊಟವನ್ನೂ ಬಿಸಿಬಿಸಿಯಾಗಿಯೇ ಮಾಡಿದೆ.

ಸಂಜೆ ಯಾರೋ ನೋಡಿದಾಗ ಅವನ ಮೈ ತಣ್ಣಗಾಗಿತ್ತು.

ಗೊರಕೆಯ ವಿಷಯವನ್ನು ಸರೋಜಕ್ಕನಿಗೆ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

"ಅದು ನಿದ್ದೆಯ ಗೊರಕೆ ಅಲ್ಲ, ಉಸಿರು ಸಿಕ್ಕಿಕೊಂಡ ಶಬ್ದ. ನಿಮಗೆ ಹೇಗೆ ಗೊತ್ತಾಗ್ಬೇಕು? ಗೊತ್ತಿದ್ದವಳು ನಾನು, ಮೂರನೇ ಮಹಡಿಯಲ್ಲಿ ಟಿವಿ ನೋಡ್ತಾ ಕೂತಿದ್ದೆ," ಎಂದರು.

ಅವರನ್ನು ಕೆಳಗೆ ಕೂರಗೊಡದವನು ನಾನೇ. ಇವತ್ತಿಗೂ ನಾಚಿಕೆಯಾಗುತ್ತದೆ. ಈಗ ಆ ಕೋಣೆ ಬೇಕೇಬೇಕು ಎಂದು ಹೊಸ ಅರ್ಜಿ ಬರೆದು ಮನೆಮನೆಗೆ ಒಯ್ಯುತ್ತಿದ್ದೇನೆ. ಒಂದೇ ಪುಟ. ಮೆಟ್ಟಿಲಲ್ಲಿ ನಾನು ಕೇಳಿದ್ದು, ಮಾಡಿದ್ದು, ಅಷ್ಟೇ ಇದೆ. ಹಳೆಯ ಪತ್ರಕ್ಕೆ ಸಹಿ ಹಾಕಿದವರಲ್ಲಿ ಹಲವರು ನನ್ನನ್ನು ಕಂಡರೆ ಬಾಗಿಲು ತೆರೆಯುವುದಿಲ್ಲ. ನಾನಾಗಿದ್ದರೂ ತೆರೆಯುತ್ತಿರಲಿಲ್ಲ.

ರೈಲಿನ ಆಸಾಮಿ ಗಾಬರಿಯಿಂದ ಕಣ್ಣು ಬಿಟ್ಟ. "ವಾಟ್ ಲಾ ಅಂಕಲ್!" ಎಂದು ರೇಗಿದ. ಸಾರಿ ಎಂದೆ. ನಾನು ಇಳಿಯುವವರೆಗೂ ದುರುಗುಟ್ಟಿ ನೋಡುತ್ತಲೇ ಇದ್ದ. ನೋಡಲಿ ಬಿಡಿ. ಮಣಿ ಒಂದು ಸಲ ನನ್ನನ್ನು ಹಾಗೆ ನೋಡಿದ್ದರೆ ಸಾಕಿತ್ತು.