ಈರಕ್ಕನ ಸೈಕಲ್ ಪದ

ಓಮಲೂರಿನ ಮೈದಾನದಲ್ಲಿ ನಮ್ಮ ಬೀದಿಯ ತಿಮ್ಮರಾಯ ಪಂದ್ಯ ಕಟ್ಟಿ ಹಗಲಿರುಳೂ ಕೆಳಗಿಳಿಯದೆ ಸೈಕಲ್‌ನಲ್ಲಿ ಸುತ್ತುತ್ತಿದ್ದ. ಭಾನುವಾರ ಸಂಜೆಯೊಳಗೆ ಕಾಲು ನೆಲ ಮುಟ್ಟಿದರೆ ಪಂದ್ಯ ಸೋತಂತೆ. ಅವನು ತೂಕಡಿಸದಂತೆ, ಪೆಡಲಿನ ವೇಗಕ್ಕೆ ತಕ್ಕ ಪದ ಕಟ್ಟಿ ಹಾಡುವುದು ಹೆಂಡತಿ ಈರಕ್ಕನ ಕೆಲಸವಾಗಿತ್ತು. ಆ ವರ್ಷ ತನ್ನ ಕೂಸು ತೀರಿಕೊಂಡ ಮೇಲೆ ಅವಳು ಹಾಡಿರಲಿಲ್ಲ. ಬದಲಿಗೆ ಮೈಕ್‌ಸೆಟ್ಟಿನವರು ರೆಕಾರ್ಡ್ ಹಾಕುತ್ತಿದ್ದರು.

ಭಾನುವಾರ ಮಧ್ಯಾಹ್ನ ಕರೆಂಟು ಹೋಯಿತು. ಹಾಡು ನಿಂತೊಡನೆ ಸೈಕಲ್ ಓಲಾಡತೊಡಗಿತು.

“ಪದ ಏಳಕ್ಕಾ! ಅಣ್ಣ ಬಿದ್ದೋಯ್ತಾನೆ!” ಎಂದು ಜನ ಕೂಗಿದರು.

“ಇವ್ಳ್‌ಗೂ ಕರೆಂಟ್ ಓಗೈತೆ,” ಎಂದು ಒಬ್ಬ ನಕ್ಕ.

ಈರಕ್ಕ ಎದ್ದು ಸೈಕಲ್ ಪದವನ್ನೇ ಶುರುಮಾಡಿದಳು. ಎರಡನೆಯ ಸಾಲಿಗೆ ಅದು ಜೋಗುಳವಾಯಿತು. ಅದು ತಿಳಿಯದೆ ಕಣ್ಣು ಮುಚ್ಚಿ ಹಾಡುತ್ತಲೇ ಇದ್ದಳು.

ತಿಮ್ಮರಾಯನ ನಿದ್ದೆ ಹಾರಿಹೋಗಿತ್ತು. ಆದರೂ ಬ್ರೇಕ್ ಹಿಡಿದು ಕೆಳಗಿಳಿದ.

“ಸಾಕು ಕಣಮ್ಮೀ, ಮನೆಗೋಗಾನ ಬಾ,” ಎಂದ.

ಬಿಸಿಲು ಇನ್ನೂ ಇಳಿದಿರಲಿಲ್ಲ.