ಲಿಂಡ್‌ಹಾಫ್ ಮೇಷ್ಟ್ರ ಅಕ್ಷರಕ್ಕೆ ಹೊಸ ಹೆಸರು

ಗೆಶೆ ಮಾಥೀಸನ್‌ಳನ್ನು ಯಾರಾದರೂ ಕೆಟ್ಟವಳು ಅಂದರೆ ನನಗೆ ಮೈ ಉರಿಯುತ್ತದೆ. ಒಳ್ಳೆಯವಳು ಅಂದರೂ ಉರಿಯುತ್ತದೆ. ಲ್ಯೂಬೆಕ್‌ನ ನಮ್ಮ ಕಾರ್ಖಾನೆಯ ಅಕ್ಷರದ ಕೋಣೆಯಲ್ಲಿ ಹನ್ನೆರಡು ವರ್ಷ ಅವಳ ಪಕ್ಕದ ಮೇಜಿನಲ್ಲಿ ಕೂತವಳು ನಾನು, ಆಂಟ್ಯೆ. ನನ್ನೆದುರು ಅವಳ ಬಗ್ಗೆ ಯಾರೂ ಕಥೆ ಕಟ್ಟಬೇಕಾಗಿಲ್ಲ.

ಸೀಸದ ಅಚ್ಚುಮೊಳೆಗಳ ಕಾಲ ಮುಗಿಯುತ್ತಿತ್ತು. ಬೆಳಕಿನ ಚುಕ್ಕಿಗಳಿಂದ ಅಕ್ಷರ ಮೂಡಿಸುವ ಯಂತ್ರಗಳನ್ನು ನಮ್ಮಲ್ಲಿ ಮಾಡುತ್ತಿದ್ದರು. ಆದರೆ ಆ ಯಂತ್ರಕ್ಕೆ ಅಕ್ಷರ ತಿದ್ದಿಸುವವರು ನಾವು, ಏಳು ಹೆಂಗಸರು. ಮೇಜಿನಗಲದ ಚೌಕುಳಿ ಹಾಳೆಯಲ್ಲಿ ಯಾವ ಮನೆ ಕಪ್ಪು, ಯಾವ ಮನೆ ಬಿಳಿ ಎಂದು ಒಂದೊಂದೇ ತುಂಬಬೇಕು. ಒಂದು ಅಕ್ಷರಕ್ಕೆ ಒಂದು ದಿನ. ಗೆಶೆ ತುಂಬಿದ ಹಾಳೆಯಲ್ಲಿ ತಪ್ಪು ಹುಡುಕುವುದೂ ಒಂದೇ, ಹಾಲಿನಲ್ಲಿ ಮೂಳೆ ಹುಡುಕುವುದೂ ಒಂದೇ.

ಅವಳಿಗೆ ಕೆಲಸ ಕಲಿಸಿದವರು ಓಟೋಕಾರ್ ಲಿಂಡ್‌ಹಾಫ್. ಅವರು ಬರೆದ ಲಿಂಡ್‌ಹಾಫ್ ಅಂಟಿಕ್ವಾ ಅನ್ನುವ ಅಕ್ಷರಶೈಲಿಯಿಲ್ಲದೆ ನಮ್ಮ ಒಂದು ಯಂತ್ರವೂ ಮಾರಾಟವಾಗುತ್ತಿರಲಿಲ್ಲ. ಮಾರಿದ ಯಂತ್ರಕ್ಕಿಷ್ಟು ಹಣ ಎಂದು ಅವರಿಗೆ ಸಲ್ಲುತ್ತಿತ್ತು, ಅದೇ ಅವರ ಜೀವನ. ಪ್ರತಿ ತಿಂಗಳ ಮೊದಲ ಸೋಮವಾರ ಹೆರಿಂಗ್ ಮೀನಿನ ಬನ್ನು ಕಟ್ಟಿಸಿಕೊಂಡು ಬರುವರು. ಹಸಿರು ಕಡತದಲ್ಲಿಟ್ಟ ಹಾಳೆಗಳನ್ನು ಪೆನ್ಸಿಲ್ಲಿನಿಂದ ತಿದ್ದುವರು. ಕೆಳಗೆ ‘ನೋಡಿ ಒಪ್ಪಿದ್ದೇನೆ’ ಎಂದು ಅಚ್ಚಾಗಿದ್ದ ಕಡೆ ಸಹಿ ಮಾಡುವರು. ಆ ಸಹಿ ಬೀಳದ ಹಾಳೆಯನ್ನು ಮುಗಿದ ಹಾಳೆ ಎಂದು ನಾವು ಯಾವತ್ತೂ ಲೆಕ್ಕಕ್ಕೇ ಹಿಡಿದವರಲ್ಲ.

ಎಪ್ಪತ್ತೊಂಬತ್ತರ ವಸಂತದಲ್ಲಿ ನಮ್ಮ ಮೇಲಧಿಕಾರಿ ವೀಬೋಲ್ಟ್ ಗೆಶೆಯ ಮೇಜಿಗೆ ಬಂದ.

“ಫ್ರಾಯ್ಲೈನ್ ಮಾಥೀಸನ್, ಆ ಮುದುಕನಿಗೆ ಕೊಟ್ಟು ಕೊಟ್ಟು ಸಾಕಾಯ್ತು. ಹೆಸರು ಅವರದು, ಇಟ್ಕೊಳ್ಲಿ. ಆಕಾರ ಯಾರಪ್ಪನ ಆಸ್ತಿ? ಅಲ್ಲೊಂದು ಇಲ್ಲೊಂದು ಮನೆ ಬದಲಾಯ್ಸಿ ಹೊಸದಾಗಿ ಬರೀರಿ. ಹೋಲ್‌ಸ್ಟಾ ಅಂತ ಕರೆಯೋಣ.”

“ಅವರೇ ನಂಗೆ ಕೆಲಸ ಕಲಿಸಿದ್ದು, ಹೆರ್ ವೀಬೋಲ್ಟ್.”

“ಅದಕ್ಕೇ ನಿಮಗೇ ಹೇಳ್ತಿರೋದು! ಬರೋ ವರ್ಷ ಈ ಕೋಣೆಗೆ ಇಬ್ರು ಸಾಕು. ಬರೆದ್ರೆ ಒಂದು ಕುರ್ಚಿ ನಿಮ್ಮದು, ಪಿಂಚಣಿವರೆಗೆ. ಇಲ್ಲಾ ಅಂದ್ರೆ ಬಾಗಿಲು ಅಲ್ಲಿದೆ.”

ಅವಳಿಗೆ ಐವತ್ತೊಂದು. ಮದುವೆ ಇಲ್ಲ, ಬೇರೆ ಕೆಲಸ ಬಾರದು. ಬರೆದಳು. ಎಂಬತ್ತಾರು ಹಾಳೆ.

ಬರೆದವಳು ಮುಚ್ಚಿಡಬಾರದಿತ್ತೆ? ಕೈಗೆ ಹತ್ತಿದ ಅಭ್ಯಾಸ ನೋಡಿ! ತುಂಬಿದ ಹಾಳೆಗಳನ್ನೆಲ್ಲ ಹಸಿರು ಕಡತಕ್ಕೆ ಹಾಕಿಬಿಟ್ಟಿದ್ದಳು. ಅವಳಿಗೆ ಅದು ಹೊಳೆದದ್ದು ಸೋಮವಾರ, ಮೇಷ್ಟ್ರು ಕನ್ನಡಕ ಏರಿಸಿ ಮೊದಲ ಹಾಳೆ ಹರಡಿದ ಮೇಲೆ.

“ಇದೇನೇ ಹುಡುಗಿ, ತಲೆ ಮೇಲೆ ಹೋಲ್‌ಸ್ಟಾ ಅಂತಿದೆ?”

ಗೆಶೆ ನನ್ನ ಮುಖ ನೋಡಿದಳು. ನಾನು ನನ್ನ ಹಾಳೆ ನೋಡಿದೆ.

“ಅದು... ಕಚೇರಿಯೊಳಗಿನ ಹೆಸರು, ಮೇಷ್ಟ್ರೇ.”

“ಓಹೋ.” ಸಂಜೆ ನಾಲ್ಕರವರೆಗೂ ಕೂತು ತಿದ್ದಿದರು. “ಭೇಷ್! ಇಪ್ಪತ್ತು ವರ್ಷದಿಂದ ನನ್ನ ಕಣ್ಣು ಚುಚ್ತಿದ್ದ ತಪ್ಪನ್ನೆಲ್ಲ ತೆಗೆದುಬಿಟ್ಟಿದ್ದೀಯಲ್ಲೇ!” ಎಂಬತ್ತಾರಕ್ಕೂ ಸಹಿ ಹಾಕಿ, ಕೈ ಕುಲುಕಿ ಹೋದರು.

“ಗುರುವಿಗೇ ತಿರುಮಂತ್ರ ಹಾಕಿದ್ಯಲ್ಲೇ, ನಾಚಿಕೆ ಆಗಲ್ವಾ?” ಎಂದು ಕಾಫಿ ಹೊತ್ತಿನಲ್ಲಿ ನಾನು ಹಾರಾಡಿದೆ.

“ನಿಂಗೂ ಬಾಯಿ ಇತ್ತಲ್ಲ, ಆಂಟ್ಯೆ?” ಎಂದಳು. ನಾನು ಕಾಫಿ ಲೋಟ ತೊಳೆಯಲು ಎದ್ದು ಹೋದೆ.

ವೀಬೋಲ್ಟ್ ಆ ಸಹಿಗಳನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. ಮೇಷ್ಟ್ರ ಒಪ್ಪಂದ ಅಲ್ಲಿಗೆ ಮುಗಿಯಿತು. ಅವರು ನ್ಯಾಯಾಲಯಕ್ಕೆ ಹೋದರು. ನಿಮ್ಮ ಕೈಯಾರೆ ತಿದ್ದಿ ಒಪ್ಪಿ ಸಹಿ ಹಾಕಿದ್ದೀರಿ, ಈಗ ಕದ್ದರು ಎಂದರೆ ಹೇಗೆ ಎಂದು ನ್ಯಾಯಾಧೀಶರು ಕೇಳಿದರಂತೆ. ಮೇಷ್ಟ್ರು ಸೋತರು. ಗೆಶೆ ಸುಳ್ಳು ಹೇಳಿದಳು ಎಂಬ ಮಾತನ್ನು ಮಾತ್ರ ಅವರು ಅಲ್ಲಿ ಆಡಲಿಲ್ಲ. ಯಾಕೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ಮರುವರ್ಷ ಐದು ಜನರನ್ನು ಮನೆಗೆ ಕಳಿಸಿದರು. ಉಳಿದವರು ಗೆಶೆ, ನಾನು. ಅಷ್ಟರಲ್ಲಿ ಹೋಲ್‌ಸ್ಟಾದ ದಪ್ಪ ಅಕ್ಷರ ಅವಸರಕ್ಕೆ ಬೇಕಾಯಿತು. ವೀಬೋಲ್ಟ್, ಆ ನೀಚ, ಯಾರನ್ನು ಕರೆಸಿದ ಗೊತ್ತೇ? ಮೇಷ್ಟ್ರನ್ನು. ದಿನಗೂಲಿಗೆ. ಕೈ ಬರಿದಾಗಿತ್ತು, ಬಂದರು. ಅರವತ್ತೆಂಟು ವರ್ಷದ ಮುದುಕರು ಕಿಟಕಿ ಪಕ್ಕದ ಮೇಜಿನಲ್ಲಿ ಕೂತು, ತಮ್ಮ ಅಕ್ಷರದ ಚೌಕಗಳನ್ನು ಬೇರೆ ಹೆಸರಿನಡಿ ತುಂಬಿದರು. “ಗೆಶೆ, ಇದು ಸರಿಯಾ?” ಎಂದು ಅವಳಿಗೆ ತೋರಿಸುವರು. ಅವಳು ತಲೆ ಆಡಿಸುವಳು, ಅಷ್ಟೇ.

ಚಳಿಗಾಲಕ್ಕೆ ಕೆಲಸ ಕಡಿಮೆಯಾಯಿತು. ಮೂವರಲ್ಲಿ ಒಬ್ಬರು ಹೋಗಬೇಕು, ಅದು ಯಾರೆಂದು ಗೆಶೆಯೇ ಬರೆದುಕೊಡಬೇಕೆಂದು ವೀಬೋಲ್ಟ್ ಹೇಳಿದ. ಬರೆದುಕೊಡದಿದ್ದರೆ ಅವಳೇ ಆ ಒಬ್ಬಳು. ಅವಳು ಬರೆದಳು: ‘ಲಿಂಡ್‌ಹಾಫ್. ಕೈ ನಡುಗುತ್ತದೆ. ನಿಧಾನ.’ ಒಂದಕ್ಷರ ಸುಳ್ಳಿಲ್ಲ.

ವೀಬೋಲ್ಟ್ ಅದನ್ನು ನಮ್ಮೆದುರೇ ಓದಿ ಹೇಳಿದ. ಮೇಷ್ಟ್ರು ಪೆನ್ಸಿಲ್ ಕೆಳಗಿಟ್ಟರು.

“ಗೆಶೆ ಬರೆದಿದ್ದಾ? ಹಾಗಾದ್ರೆ ಸರಿಯಾಗೇ ಇರುತ್ತೆ. ಅವಳ ಕಣ್ಣು ತಪ್ಪಲ್ಲ.”

ಟೋಪಿ ಹಾಕಿಕೊಂಡು ಹೋದರು. ಮಾರನೆಯ ದಿನ ನಾನು ಕಿಟಕಿ ಪಕ್ಕದ ಮೇಜಿಗೆ ಹೋದೆ, ಅಲ್ಲಿ ಬೆಳಕು ಚೆನ್ನಾಗಿತ್ತು.